ಇಪ್ಪತ್ತು ಜನರಲ್ಲಿ ಮೊದಲನೆಯವನು

ಎಲ್ಡನ್ ಫೆರಿ, ಅಯೋವಾ
ಸೆಪ್ಟೆಂಬರ್ 4, 1991

ಪ್ರೀತಿಯ ನೋರೀನ್,

ಶಾಲೆಯ ಅಡುಗೆಮನೆಯ ಕೆಲಸ ಕಾಯಂ ಆಯಿತೆಂದು ತಿಳಿದು ಸಮಾಧಾನವಾಯಿತು. ನನ್ನ ಶಿಫಾರಸು ಪತ್ರದಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಮ್ಮ ಕಾಲೇಜಿನ ಊಟದ ಮನೆಯಲ್ಲಿ ನನ್ನ ಕೈಕೆಳಗೆ ನಾಲ್ಕು ವರ್ಷ ದುಡಿದವಳು ನೀನು. ಒಂದು ದಿನ ತಡವಾಗಿ ಬಂದದ್ದು ನನಗೆ ನೆನಪಿಲ್ಲ. ನಿನ್ನ ಮಗಳು ಕ್ಯಾರೀ ಬರೆದು ಕಳಿಸಿದ ಚಿತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ. ಎಂಟು ವರ್ಷದ ಮಗು, ಅಷ್ಟುದ್ದದ ಅದಿರಿನ ಹಡಗಿಗೆ ಒಂದು ಕಿಟಕಿಯನ್ನೂ ಬಿಡದೆ ಬರೆದಿದ್ದಾಳೆ.

ಇಲ್ಲಿಯ ಸುದ್ದಿ ನಿನಗೆ ಮುಟ್ಟಿರಲಾರದು. ಈ ವರ್ಷದ ಫುಟ್‌ಬಾಲ್ ಆಟಗಳು ಮುಗಿದರೆ ನಮ್ಮ ಮನೆಯವರು, ಆರ್ವಿಲ್, ಕೋಚ್ ಕೆಲಸ ಬಿಡುತ್ತಾರೆ. ಇಪ್ಪತ್ತಾರು ವರ್ಷವಾಯಿತಲ್ಲ. ಕಾಲೇಜಿನವರು ಒಂದು ಪುಸ್ತಕ ತರುತ್ತಾರಂತೆ. ಅವರ ಕಾಲದ ಅತ್ಯುತ್ತಮ ಆಟಗಾರರು ಇಪ್ಪತ್ತು ಜನ, ಒಬ್ಬರ ಹಿಂದೆ ಒಬ್ಬರು, ಯೋಗ್ಯತೆಯ ಕ್ರಮದಲ್ಲಿ. ಕ್ರಮ ಆರ್ವಿಲ್ಲೇ ಹಾಕಿಕೊಡಬೇಕು. ನವೆಂಬರ್ ಒಂಬತ್ತು, ಶನಿವಾರ, ನಮ್ಮ ಮೈದಾನದ ಕೊನೆಯ ಆಟದ ಮಧ್ಯಂತರದಲ್ಲಿ ಇಪ್ಪತ್ತನೆಯವನಿಂದ ಶುರುಮಾಡಿ ಒಬ್ಬೊಬ್ಬರನ್ನೇ ಹೆಸರು ಕೂಗಿ ಕರೆಯುತ್ತಾರೆ.

ಹಾಗಾಗಿ ದಿನಾ ಬೆಳಗ್ಗೆ ತಿಂಡಿಯಾದ ಮೇಲೆ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಇದೇ ಕೆಲಸ. ನನ್ನ ಅಡುಗೆ ಕಾರ್ಡುಗಳ ಮೇಲೆ ಹೆಸರು ಬರೆದುಕೊಟ್ಟಿದ್ದೇನೆ. ಅವರು ಮೇಲಕ್ಕೆ ಕೆಳಕ್ಕೆ ಸರಿಸುತ್ತಾರೆ. ನಾನು ಪ್ರತಿ ಆಟಕ್ಕೂ ಕೂತು ಯಾರು ಎಷ್ಟು ಗಜ ಓಡಿದರೆಂದು ಬರೆದಿಟ್ಟ ನೋಟ್‌ಬುಕ್ ತೆಗೆದು ತಕರಾರು ಹೇಳುತ್ತೇನೆ. ಹಿಮದ ಮೇಲೆ ಬರಿಗಾಲಿನಲ್ಲಿ ಚೆಂಡು ಒದೆಯುತ್ತಿದ್ದ ಲೈಲ್ ಮೊನ್ನೆ ಹದಿನೇಳರಲ್ಲಿದ್ದವನು ಇವತ್ತು ಒಂಬತ್ತಕ್ಕೆ ಹತ್ತಿದ್ದಾನೆ. ಎರಡನೆಯವನು ಬಕ್ ದ್ವೊರಾಕ್. ಬಕ್ ನಾಲ್ಕು ವರ್ಷದಲ್ಲಿ ಒಮ್ಮೆಯೂ ಚೆಂಡು ಮುಟ್ಟಿದವನಲ್ಲ, ಮುಂದಿನ ಸಾಲಿನಲ್ಲಿ ನಿಂತು ಎದುರಿನವರನ್ನು ಪಕ್ಕಕ್ಕೆ ತಳ್ಳುವುದಷ್ಟೇ ಅವನ ಕೆಲಸವಾಗಿತ್ತು ಎಂದು ನಾನು ವಾದಿಸಿದೆ. "ಓಡಿದವನ ಹೆಸರು ಊರಿಗೆಲ್ಲ ಗೊತ್ತು ಕಣೆ. ದಾರಿ ಬಿಡಿಸ್ಕೊಟ್ಟವನ ಹೆಸರು ನನಗೊಬ್ಬನಿಗೇ ಗೊತ್ತಿರೋದು," ಅಂದರು.

ಮೊದಲನೆಯವನ ಬಗ್ಗೆ ಮಾತ್ರ ಚರ್ಚೆಯೇ ಇಲ್ಲ. ನಿನ್ನ ರಾಯ್ಸ್. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು, ಭುಜ ತಗ್ಗಿಸಿ ಅವನು ನುಗ್ಗಿದ ಹಾಗೆ ಇನ್ನೊಬ್ಬ ನುಗ್ಗಿದ್ದನ್ನು ಈ ಊರು ಕಂಡಿಲ್ಲ.

ನೀವಿಬ್ಬರೂ ಬೇರೆಯಿದ್ದೀರೆಂದು ಗೊತ್ತು. ಕಾರಣ ಕೇಳುವುದಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ನಿಮ್ಮದು ಸ್ವಲ್ಪ ಉದ್ದವಾಯಿತು, ಅಷ್ಟೆ. ಒಂಬತ್ತನೇ ತಾರೀಕು ನೀನೂ ಕ್ಯಾರೀಯೂ ಬಂದು ಅವನ ಪಕ್ಕದಲ್ಲಿ ನಿಂತರೆ ಎಷ್ಟು ಚೆನ್ನಾಗಿರುತ್ತದೆ. ಯೋಚಿಸು.

ನಿನ್ನ,
ಆರ್ಡಿಸ್ ಹಾಲ್ವರ್ಸನ್


ಅಂಚೆ ಪೆಟ್ಟಿಗೆ 41, ಅಗೇಟ್ ಪಾಯಿಂಟ್, ಮಿನ್ನೆಸೋಟ
ಸೆಪ್ಟೆಂಬರ್ 12, 1991

ಪ್ರಿಯ ಮಿಸೆಸ್ ಹಾಲ್ವರ್ಸನ್,

ನಿಮ್ಮ ಪತ್ರ ತಲುಪಿತು. ಕೋಚ್ ಅವರಿಗೆ ನನ್ನ ನಮಸ್ಕಾರ ಹೇಳಿ.

ನಮಗೆ ಬರಲು ಆಗುವುದಿಲ್ಲ. ಕಾರು ಅಷ್ಟು ದೂರ ಓಡುವ ಸ್ಥಿತಿಯಲ್ಲಿಲ್ಲ, ಶಾಲೆಯಲ್ಲಿ ಹೊಸಬಳಿಗೆ ರಜೆಯೂ ಸಿಗುವುದಿಲ್ಲ. ಎರಡು ಕೋರಿಕೆಗಳಿವೆ. ಪುಸ್ತಕದಲ್ಲಿ ಆಟಗಾರರ ಸಂಸಾರದ ವಿಷಯ ಬರೆಯುವುದಾದರೆ ದಯವಿಟ್ಟು ನಮ್ಮಿಬ್ಬರ ಹೆಸರು ಬೇಡ. ಎರಡನೆಯದು, ನನ್ನ ವಿಳಾಸ ಇರುವುದು ನಿಮ್ಮೊಬ್ಬರ ಹತ್ತಿರ. ನನ್ನ ತಾಯಿಗೂ ಕೊಟ್ಟಿಲ್ಲ. ನೀವು ಯಾರಿಗಾದರೂ ಹೇಳಿದ್ದೀರಾ? ಸುಮ್ಮನೆ ಕೇಳಿದೆ.

ಇಲ್ಲಿ ನನಗೆ ಮದುವೆಗೆ ಮುಂಚಿನ ಹೆಸರೇ, ನೋರೀನ್ ಪ್ರೂಯಿಟ್. ಐಲಿ ಕೊಸ್ಕಿ ಎಂಬ ವಿಧವೆಯ ಮನೆಯ ಮಹಡಿಯಲ್ಲಿದ್ದೇವೆ. ಮೇಲೆ ಮಗು ಇದೆಯೆಂದೇ ಗೊತ್ತಾಗುವುದಿಲ್ಲ ಎಂದು ಆಕೆ ಕ್ಯಾರೀಯನ್ನು ಹೊಗಳುತ್ತಾರೆ. ಕ್ಯಾರೀ ಸದ್ದು ಮಾಡುವ ಮಗುವಲ್ಲ.

ನಮ್ರತೆಯಿಂದ,
ನೋರೀನ್


ಎಲ್ಡನ್ ಫೆರಿ
ಸೆಪ್ಟೆಂಬರ್ 23, 1991

ಪ್ರೀತಿಯ ನೋರೀನ್,

ಕಾರಿನ ಚಿಂತೆ ಬಿಡು. ಆರ್ವಿಲ್‌ರ ತಂಗಿಯ ಮಗ ಬಂದು ನಿಮ್ಮನ್ನು ಕರೆತರುತ್ತಾನೆ, ವಾಪಸು ಬಿಡುತ್ತಾನೆ. ವಿಳಾಸ ಯಾರಿಗೂ ಕೊಟ್ಟಿಲ್ಲ. ನನ್ನ ವಿಳಾಸದ ಪುಸ್ತಕದಲ್ಲೂ ಬರೆದಿಲ್ಲ, ನೋಡು, ಅಷ್ಟು ಜೋಪಾನ.

ನಿನ್ನೆ ಚರ್ಚು ಮುಗಿದ ಮೇಲೆ ರಾಯ್ಸ್ ಬಂದಿದ್ದ. ಬಡಕಲಾಗಿದ್ದಾನೆ. ಸೇಬಿನ ಪೈ ಎರಡು ತುಂಡು ತಿಂದು, ತಟ್ಟೆ ತಾನೇ ತೊಳೆದಿಟ್ಟ. ಮೇಜಿನ ಮೇಲೆ ಕಾರ್ಡುಗಳಿದ್ದವು. ತನ್ನ ಹೆಸರು ಎಲ್ಲಕ್ಕಿಂತ ಮೇಲಿರುವುದನ್ನು ನೋಡಿ ಒಂದು ಬೆರಳಿನಿಂದ ಅದನ್ನು ಕೆಳಗೆ ಜರುಗಿಸಿ, ಬಕ್ ಹೆಸರನ್ನು ಮೇಲಿಟ್ಟ. "ಇವನಿಗೆ ಕೊಡಿ ಕೋಚ್. ಇವನಿಲ್ದೆ ಇದ್ರೆ ನಾನೆಲ್ಲಿ ಓಡ್ತಿದ್ದೆ," ಅಂದ. ಆರ್ವಿಲ್ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಅವನು ಹೋದ ಮೇಲೆ ಕಾರ್ಡನ್ನು ಮತ್ತೆ ಮೇಲಿಟ್ಟರು.

ನಿನ್ನ ವಿಷಯ ಕೇಳಿದ. ಎಲ್ಲಿದ್ದೀಯೆಂದು ನಾನು ಹೇಳಲಿಲ್ಲ. ಅವನ ಮುಖ ಎಷ್ಟು ಬಾಡಿತೆಂದರೆ, ಚೆನ್ನಾಗಿದ್ದಾಳೆ, ಮಕ್ಕಳ ನಡುವೆ ಕೆಲಸ ಮಾಡುತ್ತಾಳೆ ಎಂದಷ್ಟೇ ಅಂದೆ. ಅದರಲ್ಲೇನು ತಪ್ಪು? ಹೊರಡುವಾಗ ಫ್ರಿಜ್ಜಿನ ಮೇಲಿನ ಚಿತ್ರದ ಎದುರು ತುಂಬ ಹೊತ್ತು ನಿಂತಿದ್ದ. ಮಗಳ ಕೈಬರಹ ಗುರುತು ಹಿಡಿದ. "ಚೆನ್ನಾಗಿ ಬರೀತಾಳೆ," ಅಂದ. ನೋರೀನ್, ಆ ಮುಖ ನೀನು ನೋಡಿದ್ದರೆ ನಾಳೆಯೇ ಬರುತ್ತಿದ್ದೆ.

ನಿನ್ನ,
ಆರ್ಡಿಸ್


ಅಗೇಟ್ ಪಾಯಿಂಟ್
ಸೆಪ್ಟೆಂಬರ್ 28, 1991

ಮಿಸೆಸ್ ಹಾಲ್ವರ್ಸನ್,

ಆ ಚಿತ್ರ ಈಗಲೇ ತೆಗೆಯಿರಿ. ಸುಟ್ಟುಬಿಡಿ. ಹಡಗು, ಅದಿರು ತುಂಬುವ ಕಟ್ಟೆ, ದೀಪಸ್ತಂಭ, ಇಷ್ಟೂ ಇರುವ ಊರು ಸುಪೀರಿಯರ್ ಸರೋವರದ ಈ ದಡದಲ್ಲಿ ಎರಡೋ ಮೂರೋ. ಒಂದೊಂದರಲ್ಲೂ ಒಂದೊಂದೇ ಶಾಲೆ. ಮಕ್ಕಳ ನಡುವೆ ಕೆಲಸ ಎಂದು ನೀವು ಅಂದಿರಿ.

ಹೇಳಬಾರದೆಂದುಕೊಂಡಿದ್ದನ್ನು ಹೇಳುತ್ತೇನೆ. ಅವನು ಕುಡಿಯುವವನಲ್ಲ, ಕೂಗಾಡುವವನೂ ಅಲ್ಲ. ಕೋಪ ಬಂದಾಗ ಮೆತ್ತಗೆ ಮಾತಾಡುತ್ತಾನೆ. ಡೇವನ್‌ಪೋರ್ಟ್ ಮನೆಯಲ್ಲಿ ಮುಂಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಉದ್ದನೆಯ ಓಣಿಯಂಥ ನಡುಮನೆ. ನನ್ನನ್ನು ಆ ಗೋಡೆಗೆ ನಿಲ್ಲಿಸಿ, ತಾನು ಬಾಗಿಲ ಹತ್ತಿರ ಹೋಗಿ, ಭುಜ ತಗ್ಗಿಸಿ ಓಡಿ ಬರುತ್ತಿದ್ದ. ಕೆಲವು ಸಲ ಒಂದು ಗೇಣು ಉಳಿದಿರುವಾಗ ನಿಂತು ನಗುತ್ತಿದ್ದ. ಕೆಲವು ಸಲ ನಿಲ್ಲುತ್ತಿರಲಿಲ್ಲ. ಯಾವ ಸಲ ಯಾವುದು ಎಂದು ಗೊತ್ತಾಗುತ್ತಿರಲಿಲ್ಲ. ನೀವು ಗಜಗಳನ್ನು ಬರೆದಿಟ್ಟಿದ್ದೀರಿ. ನಮ್ಮ ನಡುಮನೆ ಆರು ಗಜ.

ನನ್ನ ಎರಡು ಪಕ್ಕೆಲುಬು ಮುರಿದವು, ಮಣಿಕಟ್ಟು ಒಮ್ಮೆ. ಫೆಬ್ರವರಿಯಲ್ಲಿ ಅವನು ಟ್ರ್ಯಾಕ್ಟರ್ ಮಾರಲು ಊರೂರು ಸುತ್ತಲು ಹೋದ ದಿನ ಕ್ಯಾರೀ ನನ್ನನ್ನು ಕೇಳಿದಳು, "ಅಮ್ಮಾ, ನಾನು ದೊಡ್ಡೋಳಾದ್ಮೇಲೆ ಗೋಡೆ ಹತ್ರ ನಾನ್ ನಿಲ್ಬೇಕಾ?" ಆ ಮಧ್ಯಾಹ್ನವೇ ಹೊರಟೆವು.

ನಿಮಗೆ ಫೋನ್ ಮಾಡಲು ಹೆದರಿಕೆ. ಅವನು ನಿಮ್ಮ ಮೇಜಿಗೆ ಕೂತಿದ್ದು, ಅವನೇ ಎತ್ತಿಕೊಂಡರೆ?

ನೋರೀನ್


ಎಲ್ಡನ್ ಫೆರಿ
ಅಕ್ಟೋಬರ್ 3, 1991

ಪ್ರೀತಿಯ ನೋರೀನ್,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಆರ್ವಿಲ್‌ಗೂ ಓದಿ ಹೇಳಿದೆ. ಅವರು ಎದ್ದು ಗ್ಯಾರೇಜಿಗೆ ಹೋಗಿ ಕೂತರು. ಮೊದಲು ನನಗನ್ನಿಸಿದ್ದನ್ನು ಮುಚ್ಚಿಡುವುದಿಲ್ಲ: ಹುಡುಗಿ ನೊಂದಿದ್ದಾಳೆ, ಸ್ವಲ್ಪ ಹೆಚ್ಚೇ ಹೇಳುತ್ತಿರಬಹುದು, ನಮ್ಮ ತಟ್ಟೆ ತೊಳೆದಿಟ್ಟವನು ಹಾಗೆ ಮಾಡಲಾರ. ಚಿತ್ರ ತೆಗೆಯೋಣವೆಂದು ಅಡುಗೆಮನೆಗೆ ಹೋದೆ.

ಚಿತ್ರ ಅಲ್ಲಿರಲಿಲ್ಲ. ಕೆಳಗೆ ಬಿದ್ದಿರಬಹುದೆಂದು ಇಬ್ಬರೂ ಸೇರಿ ಫ್ರಿಜ್ಜನ್ನೇ ಸರಿಸಿ ನೋಡಿದೆವು.

ನಿನ್ನೆ ಅವನು ಈ ಕಡೆ ಗಿರಾಕಿಗಳನ್ನು ನೋಡಲು ಬಂದವನು ಒಳಗೆ ಬಂದ. ಚಿತ್ರ ತೆಗೆದುಕೊಂಡೆಯಾ ಎಂದು ಸಹಜವಾಗಿ ಕೇಳಿದೆ. ಅವನು ನನ್ನನ್ನೇ ನೋಡುತ್ತ ನಕ್ಕ. "ಯಾವ ಚಿತ್ರಾಮ್ಮ?" ಅಂದ. ಆ ದನಿ ಅಷ್ಟು ಮೆತ್ತಗಿತ್ತು. ಆಗ ನಿನ್ನ ಪತ್ರದ ಒಂದೊಂದು ಮಾತೂ ನಿಜವೆಂದು ನನಗೆ ತಿಳಿಯಿತು.

ಇನ್ನೊಂದು ಹೇಳಬೇಕು. ಎರಡು ದಿನದಿಂದ ಹೇಗೆ ಬರೆಯುವುದೆಂದು ಒದ್ದಾಡುತ್ತಿದ್ದೇನೆ. ವಿಳಾಸ ಪುಸ್ತಕದಲ್ಲಿ ಬರೆದಿಲ್ಲ ಎಂದೆನಲ್ಲ. ಕಳೆದುಹೋಗಬಾರದೆಂದು ಪೆನ್ಸಿಲಿನಲ್ಲಿ ಆ ಚಿತ್ರದ ಹಿಂದೆ ಬರೆದಿದ್ದೆ.

ಆರ್ಡಿಸ್


ಅಗೇಟ್ ಪಾಯಿಂಟ್
ಅಕ್ಟೋಬರ್ 8, 1991

ಆರ್ಡಿಸ್ ಅವರೇ,

ಚಿತ್ರ ವಾಪಸು ಬಂತು. ಪೆಟ್ಟಿಗೆ 41ಕ್ಕೆ. ಒಳಗೆ ಪತ್ರವಿಲ್ಲ, ಲಕೋಟೆಯ ಮೇಲೆ ಕಳಿಸಿದವರ ಹೆಸರಿಲ್ಲ. ನಾಲ್ಕು ಮಡಿಕೆ ಮಾಡಿದ ಚಿತ್ರ ಮಾತ್ರ. ನಾನು ಮುಚ್ಚಿಡುವ ಮೊದಲೇ ಕ್ಯಾರೀ ನೋಡಿದಳು, ಬಣ್ಣ ತುಂಬಲು ಮರೆತದ್ದಕ್ಕೆ ನೀವು ಕಳಿಸಿದ್ದೀರೆಂದುಕೊಂಡಳು.

ಇಲ್ಲಿಯ ಪೊಲೀಸಿನವನು ಒಳ್ಳೆಯವನೇ. ಆದರೆ ಮಗಳ ಚಿತ್ರವನ್ನು ಅಂಚೆಯಲ್ಲಿ ಕಳಿಸುವುದು ಅಪರಾಧವಲ್ಲವಲ್ಲ ಎಂದು ಕೇಳುತ್ತಾನೆ. ನಾನೇನು ಹೇಳಲಿ?

ಅವನನ್ನು ನಾನು ಬಲ್ಲೆ. ಕೂಡಲೇ ಬರುವುದಿಲ್ಲ. ನಾನು ಕಾಯುವುದು ಅವನಿಗೆ ಬೇಕು. ಆ ನಡುಮನೆಯಲ್ಲೂ ಬಾಗಿಲ ಹತ್ತಿರ ತುಂಬ ಹೊತ್ತು ಸುಮ್ಮನೆ ನಿಂತಿರುತ್ತಿದ್ದ. ಒಂಬತ್ತನೇ ತಾರೀಕಿನ ಚಪ್ಪಾಳೆಯನ್ನಂತೂ ಅವನು ಬಿಡುವವನಲ್ಲ. ಆದ್ದರಿಂದ ಕೈಮುಗಿದು ಕೇಳುತ್ತೇನೆ: ಅವನ ಹೆಸರನ್ನು ಮೊದಲ ಸ್ಥಾನದಿಂದ ತೆಗೆಯಬೇಡಿ. ಕೋಚ್ ಅವನಿಗೆ ಬುದ್ಧಿ ಹೇಳುವುದೂ ಬೇಡ. ತೆಗೆದರೆ ನಾನೇ ಹೇಳಿಕೊಟ್ಟೆನೆಂದು ಅವನಿಗೆ ತಿಳಿಯುತ್ತದೆ, ಅಲ್ಲಿ ಅವನನ್ನು ಹಿಡಿದಿಡುವಂಥದ್ದು ಏನೂ ಉಳಿಯುವುದಿಲ್ಲ. ಅವನು ಮೊದಲನೆಯವನಾಗಿ ಇರುವಷ್ಟು ದಿನ ನಮಗೆ ಬದುಕಿದೆ.

ನೋರೀನ್


ಎಲ್ಡನ್ ಫೆರಿ
ಅಕ್ಟೋಬರ್ 9, 1991

ಪ್ರೀತಿಯ ನೋರೀನ್,

ನಿನ್ನಿಂದ ಉತ್ತರ ಬಂದಿಲ್ಲ. ನಾನು ಕಾಯದೆ ಬರೆಯುತ್ತಿದ್ದೇನೆ, ಎದೆಯಲ್ಲಿರುವುದನ್ನು ಇಳಿಸದೆ ಊಟ ಸೇರುತ್ತಿಲ್ಲ.

1977ರ ಅಕ್ಟೋಬರ್. ನೀನು ಇನ್ನೂ ಕಾಲೇಜಿಗೆ ಬಂದಿರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಜಾಯ್ಸ್ ಎಂಬ ಹುಡುಗಿ ನಮ್ಮ ಹಿಂಬಾಗಿಲಿಗೆ ಬಂದಳು. ತುಟಿ ಒಡೆದಿತ್ತು, ಒಂದು ಕೈ ಎತ್ತಲು ಆಗುತ್ತಿರಲಿಲ್ಲ. ಕೋಚ್‌ಗೆ ಹೇಳಿದರೆ ರಾಯ್ಸ್ ಕೇಳುತ್ತಾನೆ ಎಂದುಕೊಂಡು ಬಂದಿದ್ದಳು. ನಾನು ಐಸು ಕೊಟ್ಟೆ, ಕಾಫಿ ಕೊಟ್ಟೆ. ಹಿಂದಿನ ದಿನ ಆಟ ಸೋತಿದ್ದರು. ಸೋತಾಗ ಹುಡುಗರು ಹಾಗೇ ಕಣಮ್ಮ ಎಂದು ನಾನೇ ಹೇಳಿದೆ, ಈ ಬಾಯಿಂದಲೇ. ಆರ್ವಿಲ್ ಅವನನ್ನು ಕರೆಸಿ ಮೈದಾನದ ಮೆಟ್ಟಿಲುಗಳನ್ನು ಮೂವತ್ತು ಸಲ ಹತ್ತಿ ಇಳಿಯುವ ಶಿಕ್ಷೆ ಕೊಟ್ಟರು. ಮುಂದಿನ ಶನಿವಾರ ಅವನು ಇನ್ನೂರ ಹನ್ನೆರಡು ಗಜ ಓಡಿದ. ನನ್ನ ನೋಟ್‌ಬುಕ್ಕಿನಲ್ಲಿ ಅದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಜಾಯ್ಸ್ ಕ್ರಿಸ್‌ಮಸ್ಸಿನ ನಂತರ ಕಾಲೇಜಿಗೆ ಬರಲಿಲ್ಲ. ಐದು ವರ್ಷ ಕಳೆದು ನಿನ್ನ ಮದುವೆಯಲ್ಲಿ ಬಂದವರಿಗೆಲ್ಲ ಪಾನಕ ಹಂಚಿದವಳು ನಾನು.

ಇದನ್ನು ನೆನಪಿಸಿದಾಗ ಆರ್ವಿಲ್ ತಮಗೂ ನೆನಪಿದೆ ಎಂದರು. ಇವತ್ತು ಬೆಳಗ್ಗೆ ಅವನ ಕಾರ್ಡನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಂಡರು. ಭಾನುವಾರ ಅವನು ಬಂದಾಗ ಮುಖಕ್ಕೆ ಮುಖ ಕೊಟ್ಟು ಹೇಳುತ್ತಾರಂತೆ. ಹದಿನಾಲ್ಕು ವರ್ಷ ತಡವಾಯಿತು. ಆದರೂ ನಿನಗೆ ಸಮಾಧಾನವಾಗುತ್ತದೆ ಎಂದು ನಂಬಿದ್ದೇನೆ.

ಆರ್ಡಿಸ್


ಅಗೇಟ್ ಪಾಯಿಂಟ್
ಅಕ್ಟೋಬರ್ 12, 1991, ಶನಿವಾರ

ಆರ್ಡಿಸ್ ಅವರೇ,

ನಿಮ್ಮ ಪತ್ರ ಈಗ ಕೈಸೇರಿತು. ಹೆದರಿಕೆ ಬಿಟ್ಟು ಐಲಿಯ ಫೋನಿನಿಂದ ಐದು ಸಲ ಮಾಡಿದೆ. ಯಾರೂ ಎತ್ತುತ್ತಿಲ್ಲ. ಶನಿವಾರವಲ್ಲವೇ, ಎಲ್ಲೋ ಹೊರಗಿನ ಆಟಕ್ಕೆ ಹೋಗಿರುತ್ತೀರಿ. ಕಾಲೇಜಿಗೆ ಮಾಡಿದೆ, ತಂಡ ನೆಬ್ರಾಸ್ಕಾದಲ್ಲೇ ಉಳಿದು ನಾಳೆ ಬರುತ್ತದೆ ಎಂದರು.

ಇದು ನಿಮ್ಮನ್ನು ತಲುಪುವಷ್ಟರಲ್ಲಿ ಭಾನುವಾರ ಕಳೆದಿರುತ್ತದೆ ಎಂದು ಗೊತ್ತು. ಆದರೂ ಬರೆಯುತ್ತಿದ್ದೇನೆ. ಹೇಳಬೇಡಿ. ಅವನಿಗೆ ಹೇಳಬೇಡಿ. ಐಲಿ ಕೆಳಗೆ ಬಾಗಿಲಿಗೆ ಮೇಜು ಒತ್ತಿಟ್ಟಿದ್ದಾರೆ.

ನೋ.


ಎಲ್ಡನ್ ಫೆರಿ
ಅಕ್ಟೋಬರ್ 14, 1991

ನೋರೀನ್,

ಮೊದಲೇ ಹೇಳಿಬಿಡುತ್ತೇನೆ: ಅವನಿಗೆ ಗೊತ್ತಾಗಿಲ್ಲ. ಈಗ ಉಸಿರು ಬಿಟ್ಟು ಮುಂದೆ ಓದು.

ಭಾನುವಾರ ಹತ್ತೂವರೆಗೆ ನಾವು ಬಂದಾಗ ಅವನ ನೀಲಿ ಪಿಕಪ್ ಗಾಡಿ ನಮ್ಮ ಮನೆ ಮುಂದಿತ್ತು. ಅವನು ಜಗಲಿಯ ಮೆಟ್ಟಿಲ ಮೇಲೆ ಕೂತಿದ್ದ. ಆರ್ವಿಲ್ ಅವನನ್ನು ಒಳಗೆ ಕರೆದುಕೊಂಡು ಹೋದರು. ನಾನು ಶನಿವಾರದ ಅಂಚೆ ತರುವ ನೆಪದಿಂದ ರಸ್ತೆಯ ಬದಿಯ ಪೆಟ್ಟಿಗೆಯ ತನಕ ನಡೆದೆ. ನಿನ್ನ ಎಂಟನೇ ತಾರೀಕಿನ ಪತ್ರ ಅದರಲ್ಲಿತ್ತು. ಅಲ್ಲೇ ನಿಂತು ಒಡೆದು ಓದಿದೆ. ಅವನು ಬಯಸಿದ್ದರೆ ನಮಗಿಂತ ಮೊದಲು ಆ ಪೆಟ್ಟಿಗೆಗೆ ಕೈ ಹಾಕಬಹುದಿತ್ತು, ನೋರೀನ್. ಒಂದು ಗಂಟೆ ಅವನೊಬ್ಬನೇ ಅಲ್ಲಿದ್ದನಂತೆ.

ಅರವತ್ತೆಂಟು ವರ್ಷದವಳು ಓಡಿದೆ. ಅಡುಗೆಮನೆಗೆ ಕಾಲಿಡುವಾಗ ಆರ್ವಿಲ್ ಕುರ್ಚಿ ಎಳೆದು ಕೂತು, "ರಾಯ್ಸ್, ನಿನಗೊಂದು ಮಾತು ಹೇಳ್ಬೇಕಾಗಿದೆ," ಎನ್ನುತ್ತಿದ್ದರು. ನಾನು ನಡುವೆ ಬಾಯಿ ಹಾಕಿದೆ. ಒಂಬತ್ತನೇ ತಾರೀಕು ಇಪ್ಪತ್ತು ಜನರ ಪರವಾಗಿ ನೀನೇ ಮಾತಾಡಬೇಕಂತೆ ಕಣಪ್ಪ, ಕೇಳೋದಕ್ಕೆ ಇವರಿಗೆ ಸಂಕೋಚ ಎಂದೆ. ಸುಳ್ಳು ಎಷ್ಟು ಸರಾಗವಾಗಿ ಬಂತು.

ಆರ್ವಿಲ್ ನನ್ನ ಮುಖ ನೋಡಿದರು. ನಾನು ನಿನ್ನ ಪತ್ರವನ್ನು ಕೋಟಿನ ಕೆಳಗೆ ಒತ್ತಿ ಹಿಡಿದಿದ್ದೆ. ನಲವತ್ತೊಂದು ವರ್ಷ ಜೊತೆಯಲ್ಲಿ ಬಾಳಿದವರು. ಜೇಬಿನಿಂದ ಕಾರ್ಡು ತೆಗೆದು ಎಲ್ಲಕ್ಕಿಂತ ಮೇಲಿಟ್ಟರು. "ಮೊದಲನೆಯವನು ನೀನೇ," ಅಂದರು. ಕೈ ನಡುಗುತ್ತಿತ್ತು. ಅವನು ಆ ಕೈಯನ್ನೇ ನೋಡಿದ. "ಚಳಿನಾ ಕೋಚ್?" ಎಂದು ಕೇಳಿದ. ವಯಸ್ಸಾಯ್ತಲ್ಲಪ್ಪ ಎಂದು ಅವರು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಹಿಂದೆಂದೂ ಕೇಳಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು ಅವನು ಹೇಳಿದ: "ಒಂಬತ್ತು ಕಳೀಲಿ ಅಮ್ಮಾ. ಆಮೇಲೆ ಉತ್ತರಕ್ಕೆ ಹೋಗಿ ನಮ್ಮನೆಯವರನ್ನ ಕರ್ಕೊಂಡ್ ಬರ್ತೀನಿ. ನೀವೇನೂ ಬರೆದು ತಿಳಿಸ್ಬೇಡಿ, ಅವಳಿಗೆ ಗೊತ್ತಿರತ್ತೆ."

ಅವನ ಗಾಡಿ ಮರೆಯಾದ ಮೇಲೆ ಬಾಗಿಲಿಗೆ ಅಗುಳಿ ಹಾಕಿದೆ. ನಮ್ಮ ಅಗುಳಿ ತುಕ್ಕು ಹಿಡಿದಿತ್ತು, ಆರ್ವಿಲ್ ಎಣ್ಣೆ ಬಿಟ್ಟರು.

ಆರ್ಡಿಸ್


ಡುಲೂತ್, ಮಿನ್ನೆಸೋಟ
ಅಕ್ಟೋಬರ್ 24, 1991

ಪ್ರಿಯ ಆರ್ಡಿಸ್,

ನಾವಿಬ್ಬರೂ ಈಗ ಅಗೇಟ್ ಪಾಯಿಂಟಿನಲ್ಲಿಲ್ಲ. ಹೆಂಗಸರಿಗೂ ಮಕ್ಕಳಿಗೂ ಆಸರೆ ಕೊಡುವ ಒಂದು ಮನೆಯಲ್ಲಿದ್ದೇವೆ. ಪೆಟ್ಟಿಗೆ 41 ಹಾಗೇ ಇರಲಿ ಎಂದು ಇಲ್ಲಿಯ ವಕೀಲೆ ಹೇಳಿದರು. ನಾನಿನ್ನೂ ಅಲ್ಲೇ ಇದ್ದೇನೆಂದು ಅವನು ತಿಳಿದುಕೊಂಡಿರಲಿ. ಐಲಿ ದಿನಾ ಹೋಗಿ ಅಂಚೆ ತೆಗೆಯುತ್ತಾರೆ.

ವಕೀಲೆ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ನಾನು ಓಡಿದರೆ ಸಾಯುವ ತನಕ ಓಡುತ್ತಿರಬೇಕು. ಅವನು ನಮ್ಮ ಹತ್ತಿರ ಸುಳಿಯಬಾರದೆಂದು ನ್ಯಾಯಾಧೀಶರಿಂದ ಆದೇಶ ಪಡೆಯಬಹುದು. ಆದರೆ ಆ ಕಾಗದವನ್ನು ಅವನ ಕೈಗೇ ಕೊಟ್ಟರೆ ಮಾತ್ರ ಅದಕ್ಕೆ ಜೀವ. ಆಮೇಲೆ ಅವನು ಈ ಕಡೆ ಬಂದರೆ ಬಂದದ್ದೇ ಅಪರಾಧ, ಹಿಡಿದು ಒಳಗೆ ಹಾಕಬಹುದು. ಡೇವನ್‌ಪೋರ್ಟ್ ಮನೆಗೆ ಪೊಲೀಸರು ಎರಡು ಸಲ ಹೋಗಿ ಬಂದಿದ್ದಾರೆ, ಬಾಗಿಲು ತೆಗೆಯುವವರಿಲ್ಲ. ಅವನು ಎಲ್ಲಿರುತ್ತಾನೆ, ಯಾವಾಗ ಇರುತ್ತಾನೆ ಎಂದು ಖಚಿತವಾಗಿ ಹೇಳಬಲ್ಲವರು ಯಾರಾದರೂ ಇದ್ದಾರಾ ಎಂದು ಕೇಳಿದರು.

ನವೆಂಬರ್ ಒಂಬತ್ತು, ಆಟದ ಮಧ್ಯಂತರ, ಎಲ್ಡನ್ ಫೆರಿಯ ಮೈದಾನದ ನಟ್ಟನಡುವೆ ಎಂದು ಹೇಳಿದೆ.

ಕೋಚ್ ಅವರ ಕೊನೆಯ ಆಟ ಅದು. ಕೇಳಲು ನನಗೆ ಬಾಯಿಲ್ಲ, ಆದರೂ ಕೇಳುತ್ತಿದ್ದೇನೆ. ಇನ್ನೊಂದೂ ಇದೆ. ಇಲ್ಲಿಯವರೆಗೆ ನನ್ನ ಮಾತೊಂದೇ ಇರುವುದು. ಜಾಯ್ಸ್ ವಿಷಯವನ್ನು ನೀವು ಪ್ರಮಾಣ ಮಾಡಿ ಬರೆದುಕೊಡುತ್ತೀರಾ? ನಿಮ್ಮ ಬಾಯಿಂದ ಬಂದದ್ದೂ ಅದರಲ್ಲಿ ಇರಬೇಕಂತೆ.

ನೋರೀನ್


ಎಲ್ಡನ್ ಫೆರಿ
ಅಕ್ಟೋಬರ್ 29, 1991

ಪ್ರೀತಿಯ ನೋರೀನ್,

ಹೇಳಿಕೆ ಇದರ ಜೊತೆಗಿದೆ. ಇಬ್ಬರ ಸಹಿಯೂ ಇದೆ. ಸಹಿ ಹಾಕಿಸಲು ಬೇರೆ ಊರಿಗೆ ಹೋಗಿದ್ದೆವು. ಇಲ್ಲಿ ಪ್ರಮಾಣ ಮಾಡಿಸುವವನು ಒಂಬತ್ತು ಗಂಟೆಗೆ ಕೇಳಿದ್ದನ್ನು ಹತ್ತು ಗಂಟೆಗೆ ಕ್ಷೌರದಂಗಡಿಯಲ್ಲಿ ಹೇಳುವವನು.

ಕೊನೆಯ ಆಟವನ್ನು ಹೀಗೆ ಮಾಡುವುದು ನಿಮಗೆ ಒಪ್ಪಿಗೆಯೇ ಎಂದು ಆರ್ವಿಲ್‌ರನ್ನು ಕೇಳಿದೆ. ಅವರು ಎಲ್ಲಕ್ಕಿಂತ ಮೇಲಿನ ಕಾರ್ಡನ್ನು ಬೆರಳಿನಿಂದ ಮುಟ್ಟಿದರು. "ಅವನನ್ನ ಅಲ್ಲಿಗೆ ಹತ್ತಿಸಿದವನು ನಾನೇ ಅಲ್ವಾ," ಅಂದರು.

ಅವನು ಈಗ ಎರಡು ದಿನಕ್ಕೊಮ್ಮೆ ಫೋನ್ ಮಾಡುತ್ತಾನೆ. ಭಾಷಣ ಬರೆಯುತ್ತಿದ್ದಾನಂತೆ. ಒಂದೊಂದು ಸಾಲು ಓದಿ ಹೇಗಿದೆ ಎಂದು ಕೇಳುತ್ತಾನೆ. ಚೆನ್ನಾಗಿದೆ ಎನ್ನುತ್ತೇನೆ. ಫೋನ್ ಇಟ್ಟ ಮೇಲೆ ಸಿಂಕಿನ ಅಂಚು ಹಿಡಿದು ನಿಂತುಕೊಳ್ಳುತ್ತೇನೆ. ನೀನು ಒಂಬತ್ತು ವರ್ಷ ಹೀಗಿದ್ದೆ. ನನಗೆ ಎರಡು ವಾರಕ್ಕೇ ಸಾಕಾಗಿದೆ.

ಆರ್ಡಿಸ್


ಎಲ್ಡನ್ ಫೆರಿ
ನವೆಂಬರ್ 10, 1991

ಪ್ರೀತಿಯ ನೋರೀನ್,

ಕಾಗದ ಅವನ ಕೈ ಸೇರಿತು. ವಕೀಲೆ ಹೇಳಿರುತ್ತಾರೆ. ಹೇಗೆ ನಡೆಯಿತೆಂದು ನಾನು ಹೇಳುತ್ತೇನೆ.

ಚಳಿ ಕೊರೆಯುತ್ತಿತ್ತು. ಆದರೂ ಕೂರಲು ಜಾಗವಿರಲಿಲ್ಲ. ಆರ್ವಿಲ್ ಮೈಕು ಹಿಡಿದು ಇಪ್ಪತ್ತನೆಯವನಿಂದ ಶುರುಮಾಡಿದರು. ಒಬ್ಬೊಬ್ಬನೂ ಓಡಿ ಬಂದು ಕೈಕುಲುಕಿ, ಕಾಲೇಜಿನ ಗೌರವಪತ್ರವಿದ್ದ ಕಂದು ಫೈಲು ತೆಗೆದುಕೊಂಡು ಸಾಲಾಗಿ ನಿಂತ. ಲೈಲ್ ಬೂಟು ಬಿಚ್ಚಿ ಬರಿಗಾಲಿನಲ್ಲೇ ಬಂದ, ಜನ ನಕ್ಕರು. ಆ ನಗುವಿನಲ್ಲಿ ನಾನೊಬ್ಬಳೇ ಕಲ್ಲಿನ ಹಾಗೆ ಕೂತಿದ್ದೆ. ಬ್ಯಾಂಡಿನವರ ಹಿಂದೆ ಇಬ್ಬರು ಪೊಲೀಸರು ನಿಂತಿದ್ದರು. ಅವರು ಮುಂಚೆಯೇ ರಾಯ್ಸ್ ಕಣ್ಣಿಗೆ ಬಿದ್ದರೆ, ಅವನು ಗೇಟಿನಿಂದ ಹೊರಗೆ ಹೋಗಿಬಿಟ್ಟರೆ ಎಂದು ನಾನು ಗೇಟನ್ನೇ ನೋಡುತ್ತಿದ್ದೆ.

ಎರಡು, ಬಕ್ ದ್ವೊರಾಕ್. ಆಮೇಲೆ ಆರ್ವಿಲ್ ಮೈಕನ್ನು ಬಾಯಿಂದ ಕೆಳಗಿಳಿಸಿದರು. ಮರೆತರೇನೋ, ಮನಸ್ಸು ಬದಲಾಯಿತೇನೋ ಎಂದು ಹೆದರಿದೆ. "ಒಂದು. ರಾಯ್ಸ್ ಟಿಪೆಟ್," ಅಂದರು. ಒಂದು ಹೊಗಳಿಕೆಯ ಮಾತೂ ಸೇರಿಸಲಿಲ್ಲ.

ಜನ ಎದ್ದು ನಿಂತರು. ಅವನು ಓಡಿ ಬಂದ, ಭುಜ ತಗ್ಗಿಸಿ, ಹಿಂದಿನ ಹಾಗೆಯೇ. ನಾನು ಕಣ್ಣು ಮುಚ್ಚಿಕೊಂಡೆ, ನೋರೀನ್. ಆ ಓಟವನ್ನು ನೂರು ಸಲ ಚಪ್ಪಾಳೆ ತಟ್ಟಿ ನೋಡಿದವಳಿಗೆ ನಿನ್ನೆ ನೋಡಲಾಗಲಿಲ್ಲ. ಕಣ್ಣು ತೆಗೆದಾಗ ಪೊಲೀಸರಲ್ಲಿ ಹಿರಿಯನು ಅವನ ಹೆಸರು ಕೇಳಿ ಕಾಗದಗಳನ್ನು ಕೈಗಿಟ್ಟಿದ್ದ. ಅವನು ಅದೂ ಗೌರವಪತ್ರವೆಂದೇ ತಿಳಿದ. ತಲೆಯ ಮೇಲೆ ಎತ್ತಿ ಹಿಡಿದು ನಾಲ್ಕೂ ದಿಕ್ಕಿಗೆ ತೋರಿಸಿದ. ಊರಿಗೆ ಊರೇ ಚಪ್ಪಾಳೆ ತಟ್ಟಿತು.

ಆಮೇಲೆ ಇಳಿಸಿ ಓದಿದ.

ತಲೆಯೆತ್ತಿ ಮೊದಲು ಆರ್ವಿಲ್‌ರನ್ನು ನೋಡಿದ, ಆಮೇಲೆ ಸಾಲುಸಾಲಾಗಿ ಹುಡುಕಿ ನನ್ನನ್ನು. ಅವನ ಮುಖದಲ್ಲಿ ಕೋಪವಿರಲಿಲ್ಲ. ಲೆಕ್ಕ ಹಾಕುವವನ ಮುಖ. ನಮ್ಮ ಕಡೆ ಒಂದೆರಡು ಹೆಜ್ಜೆ ಇಟ್ಟ. ಬಕ್‌ಗೆ ನಾವು ಏನೂ ಹೇಳಿರಲಿಲ್ಲ. ಅವನಿಗೆ ಏನು ಹೊಳೆಯಿತೋ, ಸಾಲಿನಿಂದ ಹೊರಬಂದು ರಾಯ್ಸ್‌ನ ಎದುರು ನಿಂತ. "ಎಲ್ಲಿಗೋ?" ಅಂದ, ಅಷ್ಟೆ. ಇಬ್ಬರೂ ಹಾಗೇ ನಿಂತಿದ್ದರು. ಪೊಲೀಸರು ಹತ್ತಿರ ಬಂದ ಮೇಲೆ ರಾಯ್ಸ್ ತಿರುಗಿ ಗೇಟಿನ ಕಡೆ ನಡೆದ. ಜಿಲ್ಲೆಯ ಗಡಿಯ ತನಕ ಅವನ ಗಾಡಿಯನ್ನು ಹಿಂಬಾಲಿಸಿದರಂತೆ. ಆಮೇಲೆ ಎಲ್ಲಿಗೆ ಹೋದನೋ ಗೊತ್ತಿಲ್ಲ. ನಮ್ಮ ಗ್ಯಾರೇಜಿನಲ್ಲಿ ಬಕ್ ಮಲಗಿದ್ದಾನೆ, ಹೋಗು ಎಂದರೂ ಹೋಗುತ್ತಿಲ್ಲ.

ಆಟ ಸೋತೆವು. ಇವತ್ತು ಚರ್ಚಿನಲ್ಲಿ ಇಬ್ಬರು ನಮ್ಮ ಸಾಲಿನಿಂದ ಎದ್ದು ಹೋದರು. ಕಾಲೇಜಿನ ಅಧ್ಯಕ್ಷರು ಪುಸ್ತಕದ ವಿಷಯ ಮತ್ತೆ ಯೋಚಿಸಿ ಎಂದರಂತೆ. ಯೋಚಿಸಲು ಏನಿಲ್ಲ, ಪುಸ್ತಕದಲ್ಲಿ ಹತ್ತೊಂಬತ್ತು ಜನ ಇರುತ್ತಾರೆ, ಮೊದಲನೆಯವನು ಬಕ್, ಬೇಡವಾದರೆ ಪುಸ್ತಕವೇ ಬೇಡ ಎಂದು ಆರ್ವಿಲ್ ಹೇಳಿ ಬಂದಿದ್ದಾರೆ.

ಜಾಗರೂಕಳಾಗಿರು. ಮಗುವನ್ನು ಕಿಟಕಿಯ ಹತ್ತಿರ ಬಿಡಬೇಡ.

ಆರ್ಡಿಸ್


ಜನವರಿ 19, 1992

ಪ್ರೀತಿಯ ಆರ್ಡಿಸ್,

ಈ ಪತ್ರ ವಕೀಲೆಯ ಕೈಯಿಂದ ಬರುತ್ತದೆ. ಊರಿನ ಹೆಸರು ಬರೆದಿಲ್ಲ, ನಿಮ್ಮ ಮೇಲೆ ಅಪನಂಬಿಕೆಯಿಂದಲ್ಲ. ಗೊತ್ತಿಲ್ಲದಿದ್ದರೆ ನಿಮಗೂ ಭಾರವಿಲ್ಲ.

ಅವನು ಬಂದ. ನವೆಂಬರ್ ಹದಿಮೂರಕ್ಕೆ. ಅಗೇಟ್ ಪಾಯಿಂಟಿನ ಅಂಚೆ ಕಚೇರಿಯ ಬೆಂಚಿನ ಮೇಲೆ, 41ನೇ ಪೆಟ್ಟಿಗೆಯ ಎದುರು, ಎರಡು ದಿನ ಕೂತಿದ್ದನಂತೆ, ಬಾಗಿಲು ತೆಗೆದಾಗಿನಿಂದ ಮುಚ್ಚುವ ತನಕ. ಮೊದಲ ದಿನ ಅವನು ಯಾರೆಂದು ಯಾರಿಗೂ ಹೊಳೆದಿಲ್ಲ. ಅಂಚೆಯ ಹೆಂಗಸಿಗೆ ಹವಾಮಾನದ ಬಗ್ಗೆ ಮಾತಾಡಿ ನಗಿಸಿದ್ದಾನೆ. ಎರಡನೆಯ ದಿನ ಐಲಿ ಹೊರಗೆ ನೀಲಿ ಗಾಡಿ ನೋಡಿ, ಒಳಗೆ ಹೋಗದೆ, ಪೊಲೀಸರಿಗೆ ಫೋನ್ ಮಾಡಿದರು. ಈ ಸಲ ಯಾರೂ ಇದು ಅಪರಾಧವೇ ಎಂದು ಕೇಳಲಿಲ್ಲ.

ನ್ಯಾಯಾಲಯದಲ್ಲಿ ಅವನು ಚೆನ್ನಾಗಿ ಮಾತಾಡಿದ. ಮಗಳನ್ನು ನೋಡುವ ಆಸೆಯಿಂದ ಬಂದೆ, ಇದು ಮೊದಲ ತಪ್ಪು ಎಂದ. ನ್ಯಾಯಾಧೀಶರು ಮೆತ್ತಗಾದದ್ದು ನನಗೆ ಕಾಣುತ್ತಿತ್ತು. ಆಗ ವಕೀಲೆ ನಿಮ್ಮಿಬ್ಬರ ಹೇಳಿಕೆಯನ್ನು ಓದಿದರು. ನೀವು ಜಾಯ್ಸ್‌ಗೆ ಹೇಳಿದ ಮಾತು ಬಂದಾಗ ನ್ಯಾಯಾಧೀಶರು ಅದನ್ನು ಇನ್ನೊಮ್ಮೆ ಓದಿಸಿದರು. ಆರು ತಿಂಗಳು ಕೊಟ್ಟರು.

ಮೇ ತಿಂಗಳಲ್ಲಿ ಹೊರಬರುತ್ತಾನೆ. ಆ ದಿನವನ್ನು ನಾನು ಎಣಿಸುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಈಗಲೂ ಅಂಗಡಿಗೆ ಹೋದರೆ ಮೊದಲು ಹಿಂಬಾಗಿಲು ಎಲ್ಲಿದೆ ಎಂದು ನೋಡುತ್ತೇನೆ. ನೀಲಿ ಗಾಡಿ ಕಂಡರೆ ಕ್ಯಾರೀಯ ಕೈ ಎಷ್ಟು ಬಿಗಿ ಹಿಡಿಯುತ್ತೇನೆಂದರೆ ಅವಳೇ ಬಿಡಿಸಿಕೊಳ್ಳುತ್ತಾಳೆ. ನಿಮ್ಮ ಮೇಲೆ ನನಗೆ ಕೋಪವಿದೆಯೇ ಎಂದು ನೀವು ಕೇಳಿಲ್ಲ. ಇತ್ತು. ಸ್ವಲ್ಪ ಈಗಲೂ ಇದೆ. ಆದರೆ ಅಂದು ಅಡುಗೆಮನೆಗೆ ಓಡಿ ಬಂದವರೂ ನೀವೇ ಎಂದು ನನಗೆ ನೆನಪಿರುತ್ತದೆ.

ನಿನ್ನೆ ಮಧ್ಯಾಹ್ನ ಯಾರೋ ಬಾಗಿಲು ತಟ್ಟಿದರು. ನಾನು ಏಳುವ ಮೊದಲೇ ಕ್ಯಾರೀ ದಡದಡ ಮೆಟ್ಟಿಲಿಳಿದು ಹೋಗಿ, ಯಾರೆಂದೂ ಕೇಳದೆ ಬಾಗಿಲು ತೆಗೆದುಬಿಟ್ಟಳು. ಪಕ್ಕದ ಮನೆಯ ಹೆಂಗಸು, ಕೈಯಲ್ಲಿ ಖಾಲಿ ಬಟ್ಟಲು. ಸಕ್ಕರೆ ಮುಗಿದಿದೆಯಂತೆ. ಅಮ್ಮ ಮೇಲಿದಾಳೆ, ಒಳಗೆ ಬನ್ನಿ ಎಂದು ಕ್ಯಾರೀ ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

ನಾನೂ ಕೆಳಗೆ ಹೋದೆ. ಸಕ್ಕರೆ ಅಳೆಯುವಾಗ ಅರ್ಧ ನೆಲಕ್ಕೆ ಚೆಲ್ಲಿದೆ. ಆ ಹೆಂಗಸು ಪಾಪ, ತಾನೂ ಬಗ್ಗಿ ಬಳಿಯಲು ಬಂದಳು. ಏನೂ ಪರವಾಗಿಲ್ಲ ಎಂದೆ. ಬಟ್ಟಲು ತುಂಬಿ ಕೊಟ್ಟು, ಕೂತುಕೊಳ್ಳಿ, ಕಾಫಿ ಮಾಡುತ್ತೇನೆ ಎಂದೆ.

ನೋರೀನ್